ಸೊನ್ನೆಯೋ ಹುಳದ ತೂತೋ: ಮಧುಗಿರಿ ಸೀಮೆಯ ಒಂದು ಓಲೆಕಟ್ಟಿನ ಪ್ರಕರಣ

ದೊಡ್ಡಪ್ಪನ ಮನೆಯ ದೇವರ ಗೂಡಿನಲ್ಲಿ ಒಂದು ಓಲೆಗರಿ ಕಟ್ಟು ಇದೆ. ಮಧುಗಿರಿ ತಾಲ್ಲೂಕಿನ ಹಳ್ಳಿ, ಹಿಂದೆ ಶಾನುಭೋಗಿಕೆ ಮಾಡಿದ ಮನೆ. ಚಿಕ್ಕಂದಿನಿಂದ ಆ ಕಟ್ಟನ್ನು ನೋಡುತ್ತಾ ಬಂದಿದ್ದೇನೆ. ಅದನ್ನು ಓದಿದವರನ್ನು ಮಾತ್ರ ನೋಡಿರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ದೊಡ್ಡಪ್ಪ ಕಟ್ಟು ಬಿಚ್ಚುತ್ತಿದ್ದರು. ಒಂದೊಂದು ಗರಿಗೂ ಕಡಲೆಕಾಯಿ ಎಣ್ಣೆ ಸವರಿ, ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ದಾರ ಪೋಣಿಸಿ ಕಟ್ಟಿ, ಅರಿಶಿನ ಕುಂಕುಮ ಇಡುತ್ತಿದ್ದರು. ಅವರಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಕಟ್ಟಿನ ಬಗ್ಗೆ ಮನೆಯವರಿಗೆ ಗೊತ್ತಿದ್ದುದು ಎರಡೇ ಮಾತು. ಮುಂದಿನ ಭಾಗ ಜೈಮಿನಿ ಭಾರತ. ಹಿಂದಿನ ಭಾಗ ಊರ ಕೆರೆಯ ನೀರಿನ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಮನೆಗೆ ದಿನಕ್ಕೆ ಇಪ್ಪತ್ತು ಗಳಿಗೆ ನೀರು ಅಂತ ಬರೆದಿದೆ. ಗಳಿಗೆ ಅಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಇಪ್ಪತ್ತು ಅಂದರೆ ತೂಬಿನಿಂದ ಹರಿಯುವ ನೀರಲ್ಲಿ ಮೂರನೇ ಒಂದು ಪಾಲು. ಸಣ್ಣ ಮಾತಲ್ಲ. ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿದ್ದರೂ ಈ ಇಪ್ಪತ್ತು ಗಳಿಗೆಯ ಮಾತು ಮಾತ್ರ ನಮ್ಮ ಮನೆಯಲ್ಲಿ ಒಣಗಲಿಲ್ಲ. ದೊಡ್ಡಪ್ಪನ ತಂದೆ ಬಿಸಿಲಿಗೆ ಗರಿ ಹಿಡಿದು ಆ ಅಂಕಿಯನ್ನು ತೋರಿಸಿದ್ದರಂತೆ.

ನಾನು ತುಮಕೂರಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಎಪ್ಪತ್ತೆಂಟು ತುಂಬಿದ ದೊಡ್ಡಪ್ಪ ಒಂದು ದಿನ ಕಟ್ಟನ್ನು ನನ್ನ ಕೈಗಿಟ್ಟು, "ನಾನು ಹೋಗೋದ್ರೊಳಗೆ ಇದ್ರಾಗೆ ಏನೈತೆ ಅಂತ ಒಂದ್ಸಲ ಪೂರ್ತಿ ಓದಿ ಹೇಳ್ಬಿಡಪ್ಪ" ಅಂದರು. ಈ ಬರಹ ಆ ಕೆಲಸದ ದಾಖಲೆ. ಇಂಥ ಕಟ್ಟುಗಳು ನಮ್ಮ ಕಡೆ ಎಷ್ಟೋ ಅಟ್ಟಗಳಲ್ಲಿ ಇವೆ. ಆದ್ದರಿಂದ ಏನು ಮಾಡಿದೆವು, ಎಲ್ಲಿ ಎಡವಿದೆವು ಎರಡನ್ನೂ ಬರೆಯುತ್ತಿದ್ದೇನೆ.

ಕಟ್ಟಿನ ಸ್ಥಿತಿ

ಬಿಡಿಯಾಗಿ 62 ಗರಿ. ಕೊನೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿದ್ದ ಒಂದು ಮುದ್ದೆ. ಗರಿ ಸುಮಾರು 40 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, ದಾರಕ್ಕೆ ಎರಡು ತೂತು.

ಓಲೆಯ ಬರಹ ಹೇಗಾಗುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಕಂಠ ಅನ್ನುವ ಕಬ್ಬಿಣದ ಮೊನೆಕಡ್ಡಿಯಿಂದ ಗರಿಯ ಮೇಲೆ ಅಕ್ಷರ ಕೊರೆಯುತ್ತಾರೆ. ಕೊರೆದಾಗ ಅದು ಬರೀ ಗೀರು, ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಮೇಲೆ ದೀಪದ ಮಸಿ ತಿಕ್ಕಿ ಒರೆಸುತ್ತಾರೆ. ಗೀರಿನೊಳಗೆ ಮಸಿ ಕೂರುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಅಂದರೆ ಒಂದೊಂದು ಅಕ್ಷರಕ್ಕೂ ಎರಡು ಜೀವ. ಒಂದು ಗೀರು, ಇನ್ನೊಂದು ಮಸಿ. ಒಂದು ಹೋದರೂ ಇನ್ನೊಂದು ಉಳಿದಿರಬಹುದು.

ನಮ್ಮ ಕಟ್ಟಿನಲ್ಲಿ ಜಾಸ್ತಿ ಗರಿಗಳು ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದವು. ಕಪ್ಪು ಮಸಿಯ ಅಕ್ಷರ, ಕಪ್ಪಾದ ಗರಿ. ಕಣ್ಣು ಏನು ಮಾಡೀತು? ಕೆಲವು ಗರಿಗಳಲ್ಲಿ ಮಸಿ ಅಳಿಸಿಹೋಗಿ ಗೀರಷ್ಟೇ ಉಳಿದಿತ್ತು. ಇನ್ನು ಕೆಲವಕ್ಕೆ ಒಲೆಯ ಹೊಗೆಯ ಕರಿ ಹತ್ತಿತ್ತು. ಮೊದಲು ಕಟ್ಟು ಅಡುಗೆಮನೆಯ ಅಟ್ಟದಲ್ಲಿತ್ತಂತೆ. ಹೊಗೆಗೆ ಹುಳ ಬರುವುದಿಲ್ಲ ಅನ್ನುವುದು ಹಳೆಯವರ ಲೆಕ್ಕ, ಅದು ಸುಳ್ಳೂ ಅಲ್ಲ. ಆದರೂ ಹುಳ ಬಂದಿತ್ತು. ಮತ್ತೆ ಮೂರು ಗರಿಗಳಿಗೆ ಲ್ಯಾಮಿನೇಷನ್ ಆಗಿತ್ತು. ಹತ್ತು ವರ್ಷದ ಹಿಂದೆ ಚಿಕ್ಕಪ್ಪನ ಮಗ ಪೇಟೆಯ ಒಂದು ಜೆರಾಕ್ಸ್ ಅಂಗಡಿಗೆ ಒಯ್ದಿದ್ದ. ಅಂಗಡಿಯವರು, "ಹೀಗೆ ಮಾಡಿದ್ರೆ ನೂರು ವರ್ಷ ಇರತ್ತೆ" ಅಂತ ಬಿಸಿ ಪ್ಲಾಸ್ಟಿಕ್ಕಿನಲ್ಲಿ ಒತ್ತಿ ಕೊಟ್ಟಿದ್ದರು. ಒಳಗೆ ಗರಿ ಸುಕ್ಕಾಗಿ ಸೀಳಿದೆ. ಈಗ ಆ ಪ್ಲಾಸ್ಟಿಕ್ ಬಿಡಿಸುವ ಹಾಗಿಲ್ಲ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನೂ ಒಂದು ತಪ್ಪು ಮಾಡಿದೆ. ಮೊದಲ ದಿನ ಆತುರಕ್ಕೆ ಒಂದು ಗರಿಯನ್ನು ಸ್ಕ್ಯಾನರ್ ಮೇಲಿಟ್ಟು ಮುಚ್ಚಳ ಹಾಕಿದೆ. ಬಾಗಿದ್ದ ಗರಿ ಚಟ್ ಅಂತು. ತುದಿಯಲ್ಲಿ ಎರಡು ಅಕ್ಷರದಷ್ಟು ಚೂರು ಕೈಗೆ ಬಂತು. ಬೆಂಗಳೂರಿನಲ್ಲಿ ಹಳೆ ಕಾಗದ ಪತ್ರ ಕಾಪಾಡುವ ಕೆಲಸ ಮಾಡುವ ಗೆಳತಿಗೆ ಫೋನ್ ಮಾಡಿದೆ. "ಚೂರನ್ನು ಸಣ್ಣ ಕವರಿಗೆ ಹಾಕಿ ಗರಿಯ ನಂಬರ್ ಬರಿ. ಅಂಟು ಹಚ್ಚಬೇಡ, ಎಣ್ಣೆ ಹಚ್ಚಬೇಡ, ನಾನು ಬರೋವರೆಗೂ ಮುಟ್ಟಲೇಬೇಡ" ಅಂದಳು. ಅವಳು ಬಂದ ಮೇಲೆ ಕೆಲಸ ದಾರಿಗೆ ಬಂತು.

ಇನ್‌ಫ್ರಾರೆಡ್ ಬೆಳಕು

ನಮಗೆ ಧೈರ್ಯ ಕೊಟ್ಟದ್ದು ಕರ್ನಾಟಕದಲ್ಲೇ ನಡೆದ ಒಂದು ಕೆಲಸ. ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆ ಪ್ರತಿ ಇದೆ, ಸುಮಾರು 700 ವರ್ಷದ್ದು, 36 ಕೃತಿಗಳು. ಅದೂ ಕಪ್ಪಾಗಿ ಓದಲು ಬಾರದಂತಾಗಿತ್ತು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ 2006ರಲ್ಲಿ ಅದರ ಗರಿಗಳನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರ ತೆಗೆದರು. ಇದೇ ಈಸ್ಟನ್ ಆರ್ಕಿಮಿಡೀಸನ ಹಸ್ತಪ್ರತಿಯ ತಂಡದಲ್ಲೂ ಇದ್ದವರು. 1229ರಲ್ಲಿ ಯಾರೋ ಆ ಚರ್ಮದ ಹಾಳೆಗಳ ಬರಹ ಕೆರೆದು ಮೇಲೆ ಪ್ರಾರ್ಥನೆ ಬರೆದಿದ್ದರು. ಕೆಳಗಿನ ಗಣಿತ ಮತ್ತೆ ಕಾಣಿಸಿದ್ದು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ.

ಕಾರಣ ಸರಳ. ಮಸಿ ಅಂದರೆ ಇಂಗಾಲ. ಅದು ಕಣ್ಣಿಗೆ ಕಾಣುವ ಬೆಳಕನ್ನೂ ನುಂಗುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ನುಂಗುತ್ತದೆ. ಗರಿಯ ಕಂದು ಬಣ್ಣ ಹಾಗಲ್ಲ. ಅದು ನೀಲಿ ಹಸಿರನ್ನು ನುಂಗಿ ನಮಗೆ ಕಪ್ಪಾಗಿ ಕಾಣುತ್ತದೆ, ಇನ್‌ಫ್ರಾರೆಡ್ ಬಂದಾಗ ಹಿಂದಕ್ಕೆ ಕಳಿಸುತ್ತದೆ. ಅಂದರೆ ಆ ಬೆಳಕಿನಲ್ಲಿ ಗರಿ ಬೆಳ್ಳಗಾಗುತ್ತದೆ, ಮಸಿ ಕಪ್ಪಾಗಿಯೇ ಉಳಿಯುತ್ತದೆ.

ದೊಡ್ಡ ಲ್ಯಾಬ್ ನಮಗಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡೆವು. ಮಾಮೂಲಿ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಒಂದು ಗಾಜು ಇರುತ್ತದೆ. ರಿಪೇರಿ ಬಲ್ಲವರಿಂದ ಅದನ್ನು ತೆಗೆಸಿದೆವು. ಬೆಳಕಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ 850 ನ್ಯಾನೋಮೀಟರಿನ ಎಲ್‌ಇಡಿ ತಂದೆವು. ಸಿಸಿಟಿವಿ ಕ್ಯಾಮೆರಾಗಳು ರಾತ್ರಿ ನೋಡುವುದು ಇದೇ ಬೆಳಕಿನಲ್ಲಿ. ಲೆನ್ಸಿನ ಮುಂದೆ, ಕಾಣುವ ಬೆಳಕನ್ನು ತಡೆಯುವ ಫಿಲ್ಟರ್. ಇಷ್ಟೇ ಸರಂಜಾಮು. ಇನ್‌ಫ್ರಾರೆಡ್‌ನಲ್ಲಿ ಫೋಕಸ್ ಸ್ವಲ್ಪ ಆಚೆ ಈಚೆ ಆಗುತ್ತದೆ ಅನ್ನುವುದು ಗೊತ್ತಿಲ್ಲದೆ ಮೊದಲ ಸಂಜೆಯ ಚಿತ್ರಗಳೆಲ್ಲ ಮಸುಕಾದವು.

ಎರಡನೇ ಸಂಜೆ ಕತ್ತಲೆ ಕೋಣೆಯಲ್ಲಿ ಹದಿನೇಳನೇ ಗರಿ ಇಟ್ಟೆವು. ಕೆಳಗೆ ಕಪ್ಪು ಬಟ್ಟೆ. ಮೇಜಿನ ಮೇಲೆ ಸುಟ್ಟ ರೊಟ್ಟಿಯಂತಿದ್ದ ಗರಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಾಲಿನ ಕೆನೆಯ ಬಣ್ಣದಲ್ಲಿ ಬಂತು. ಅದರ ತುಂಬ ಅಕ್ಷರ. ಸಾಲು ಸಾಲಾಗಿ, ದುಂಡಗೆ, ಒತ್ತಕ್ಷರ ಸಮೇತ. ದೊಡ್ಡಪ್ಪ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾಲ್ಕು ಅಕ್ಷರ ಕೂಡಿಸುವಷ್ಟರಲ್ಲಿ ಪದ್ಯ ಹಿಡಿದು ರಾಗವಾಗಿ ಹೇಳತೊಡಗಿದರು. ಜೈಮಿನಿ ಭಾರತವೇ ಹೌದು.

ಗೊತ್ತಿರುವ ಕಾವ್ಯ ಸಿಕ್ಕಿದ್ದರಿಂದ ನಮಗೊಂದು ಒಳ್ಳೆಯ ಪರೀಕ್ಷೆ ಸಿಕ್ಕಿತು. ನಮ್ಮ ಓದು ಎಷ್ಟು ಸರಿ ಅಂತ ಅಚ್ಚಿನ ಪುಸ್ತಕದ ಜೊತೆ ಹೋಲಿಸಬಹುದಲ್ವಾ? ಚಿತ್ರಗಳನ್ನು ಇಬ್ಬರಿಗೆ ಕೊಟ್ಟೆವು. ಒಬ್ಬರು ದೊಡ್ಡಪ್ಪ, ಪದ್ಯ ಬಾಯಲ್ಲಿ ಇರುವವರು. ಇನ್ನೊಬ್ಬರು ತುಮಕೂರಿನ ನಿವೃತ್ತ ಮೇಷ್ಟ್ರು, ಹಳೆ ಲಿಪಿ ಬಲ್ಲವರು. ಅವರಿಗೆ ಇದು ಯಾವ ಗ್ರಂಥ ಅಂತ ಹೇಳಲಿಲ್ಲ. ಮೇಷ್ಟ್ರು ಕಂಡಷ್ಟನ್ನೇ ಬರೆದರು, ಕಾಣದಿದ್ದ ಕಡೆ ಚುಕ್ಕಿ ಇಟ್ಟರು. ದೊಡ್ಡಪ್ಪ ಎಲ್ಲೂ ನಿಲ್ಲಲಿಲ್ಲ. ಗೆದ್ದಲು ತಿಂದು ಗರಿಯೇ ಇಲ್ಲದ ಜಾಗವನ್ನೂ ಓದಿಬಿಟ್ಟಿದ್ದರು!

ಅವರದು ಮೋಸವಲ್ಲ. ಜೈಮಿನಿ ಭಾರತದ ಪದ್ಯಗಳು ಆರು ಸಾಲಿನ ವಾರ್ಧಕ ಷಟ್ಪದಿಯವು, ಷಟ್ಪದಿ ಹಾಗೆಯೇ ಕಟ್ಟಿದ ಬಂಧ. ವಾರ್ಧಕದಲ್ಲಿ ಐದೈದು ಮಾತ್ರೆಯ ಗಣ, ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನದ ಪ್ರಾಸ. ಒಂದು ಸಾಲಿನ ತಲೆ ಹರಿದಿದ್ದರೂ ಅಲ್ಲಿ ಯಾವ ವ್ಯಂಜನ ಇರಬೇಕು, ಎಷ್ಟು ಮಾತ್ರೆ ತುಂಬಬೇಕು ಅನ್ನುವುದು ಉಳಿದ ಸಾಲುಗಳಿಂದ ಗೊತ್ತಾಗುತ್ತದೆ. ಹಾಳಾದ ಹಸ್ತಪ್ರತಿ ಓದಲು ಛಂದಸ್ಸಿಗಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಆದರೆ ಅದು ಪದ್ಯಕ್ಕೆ. ಕೆರೆ ಲೆಕ್ಕದಲ್ಲಿ ಪ್ರಾಸ ಎಲ್ಲಿಂದ ಬರಬೇಕು? ಅಂಕಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಂದೇ ಒಂದು ನಿಯಮ ಮಾಡಿಕೊಂಡೆವು. ಕಂಡ ಅಕ್ಷರ ಒಂದು ಬಣ್ಣದಲ್ಲಿ, ಊಹಿಸಿದ್ದು ಇನ್ನೊಂದು ಬಣ್ಣದಲ್ಲಿ ಬರೆಯಬೇಕು. ಯಾರು ಹೇಳಿದರೂ ಸರಿ, ಎರಡೂ ಬೆರೆಯಬಾರದು.

ಮಸಿ ಹೋದ ಗರಿಗಳು

ಮಸಿ ಅಳಿಸಿಹೋದ ಗರಿಗಳಿಗೆ ಇನ್‌ಫ್ರಾರೆಡ್ ಪ್ರಯೋಜನವಿಲ್ಲ. ಅಲ್ಲಿ ಉಳಿದದ್ದು ಗೀರು. ಗೀರನ್ನು ಹಿಡಿಯಲು ಓರೆ ಬೆಳಕು ಬೇಕು. ಸಂಜೆ ಬಿಸಿಲಲ್ಲಿ ಉತ್ತ ಹೊಲದ ಸಾಲುಗಳು ನೆರಳಿನಿಂದ ಎದ್ದು ಕಾಣುತ್ತವಲ್ಲ, ಹಾಗೆ.

ಇದಕ್ಕೊಂದು ಚಂದದ ವಿಧಾನ ಇದೆ, ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ಮುಂದಿಟ್ಟದ್ದು. ಕ್ಯಾಮೆರಾ ಅಲುಗಾಡಬಾರದು, ವಸ್ತುವೂ ಅಲುಗಾಡಬಾರದು. ಬೆಳಕನ್ನು ಮಾತ್ರ ಸುತ್ತ ಬೇರೆ ಬೇರೆ ಕೋನದಲ್ಲಿ ಹಿಡಿದು ನಲವತ್ತು ಐವತ್ತು ಚಿತ್ರ ತೆಗೆಯಬೇಕು. ಪಕ್ಕದಲ್ಲಿ ಹೊಳೆಯುವ ಕಪ್ಪು ಗೋಲಿ ಇಡಬೇಕು. ಗೋಲಿಯ ಮೇಲಿನ ಹೊಳಪಿನ ಚುಕ್ಕಿ ನೋಡಿ ಬೆಳಕು ಎಲ್ಲಿಂದ ಬಂತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯ ಮೇಲೆ ನಾವೇ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ನಮ್ಮ ತಂಗಿಯ ಮಗಳು ಟಾರ್ಚ್ ಹಿಡಿದಳು. ಟಾರ್ಚಿಗೆ ಒಂದು ದಾರ ಕಟ್ಟಿದ್ದೆವು. ಪ್ರತಿ ಸಲ ದಾರದ ತುದಿಯನ್ನು ಗರಿಯ ಹತ್ತಿರ ತಂದು ದೂರ ಸರಿಯಾಗಿದೆಯಾ ಅಂತ ನೋಡಿ, ದಾರ ಸರಿಸಿ, "ಹೂಂ ಮಾವ" ಅನ್ನುತ್ತಿದ್ದಳು. ಆಗ ನಾನು ಬಟನ್ ಒತ್ತುತ್ತಿದ್ದೆ. ಒಂದು ಗರಿಯ ಒಂದು ಮಗ್ಗುಲಿಗೆ ಒಂದು ಗಂಟೆ ಹಿಡಿಯಿತು.

ಹೀಗೆ ಸಿಕ್ಕಿದ್ದೇ ಜೈಮಿನಿ ಭಾರತದ ಕೊನೆಯ ಗರಿ. ಅದರಲ್ಲಿ ಬರೆದವನ ಮಾತು ಇತ್ತು. ಮೊದಲು ಕಂಡದ್ದು ಇಷ್ಟು: "…ಲಾದ್ರಕ್ಷೇ… ಲಾದ್ರಕ್ಷೇ…". ಒಂದೇ ತುಂಡು ಎರಡು ಸಲ. ಚಿತ್ರ ಎರಡು ಸಲ ಸೇರಿಕೊಂಡಿತೇನೋ ಅಂದುಕೊಂಡೆ. ಮೇಷ್ಟ್ರು ನೋಡಿದ ಕೂಡಲೇ ಪೂರ್ತಿ ಹೇಳಿದರು. "ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್." ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುತ್ತಿದ್ದ ಹಳೆಯ ಶ್ಲೋಕ. ಪುಸ್ತಕವೇ ಮಾತಾಡುವ ಹಾಗೆ ಇದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಕೊಡಬೇಡ.

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಎಣ್ಣೆಯಿಂದ ಅಂತಾನೇ ಐತಾ?"

ಗೆಳತಿ ಅವರಿಗೆ ಸಮಾಧಾನವಾಗಿ ತಿಳಿಸಿ ಹೇಳಿದಳು. ಓಲೆಗೆ ಎಣ್ಣೆ ಹಚ್ಚುವ ಪದ್ಧತಿ ಇದೆ, ಅದು ಮಜ್ಜಿಗೆ ಹುಲ್ಲಿನ ಎಣ್ಣೆಯಂಥ ತೆಳು ಎಣ್ಣೆ. ಆರಿಹೋಗುತ್ತದೆ, ಹುಳವನ್ನೂ ದೂರ ಇಡುತ್ತದೆ. ಅಡುಗೆ ಎಣ್ಣೆ ಆರಿಹೋಗುವುದಿಲ್ಲ. ಅಲ್ಲೇ ಕೂತು ಜಿಡ್ಡಾಗಿ, ದೂಳು ಹಿಡಿದು, ವರ್ಷ ವರ್ಷಕ್ಕೂ ಕಪ್ಪಾಗುತ್ತದೆ. ಒರೆಸಿದ ಬಟ್ಟೆ ಗೀರಿನ ಮಸಿಯನ್ನೂ ಎಬ್ಬಿಸುತ್ತದೆ. ಎರಡು ತಲೆಮಾರು ಅಕ್ಕರೆಯಿಂದ ಮಾಡಿದ ಸೇವೆಯೇ ಅಕ್ಷರಗಳನ್ನು ಮುಚ್ಚಿತ್ತು. ಇದನ್ನು ಅವರೆದುರು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಅವಳು ಹೇಳಿದ್ದು ಒಳ್ಳೆಯದಾಯಿತು.

ಅದೇ ಗರಿಯಲ್ಲಿ ಸಂವತ್ಸರದ ಹೆಸರೂ ಸಿಕ್ಕಿತು, ವಿಕಾರಿ. ಶಕ ವರ್ಷದ ಜಾಗ ಮುರಿದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ 1779, 1839, 1899, ಮೂರೂ ಆಗಬಹುದು. ಕಾರ್ಬನ್ ಡೇಟಿಂಗ್ ಮಾಡಿಸಬಾರದಾ ಅಂತ ಹಲವರು ಕೇಳಿದರು. ಸುಮಾರು 1650ರಿಂದ 1950ರ ನಡುವಿನ ವಸ್ತುಗಳಿಗೆ ಆ ವಿಧಾನ ಇಷ್ಟು ಹತ್ತಿರದ ವರ್ಷಗಳನ್ನು ಬೇರೆ ಮಾಡಿ ಹೇಳುವುದಿಲ್ಲ. ಸುಮ್ನೆ ಗರಿಯ ಚೂರು ಕಳೆದುಕೊಂಡಂತೆ. ವರದಿಯಲ್ಲಿ ಮೂರು ವರ್ಷವನ್ನೂ ಬರೆದೆವು.

ನಲವತ್ತೊಂಬತ್ತನೇ ಗರಿ

ಕೆರೆ ಲೆಕ್ಕದ ಗರಿ ಇದು. ತೂಬಿನ ನೀರು ಯಾವ ಗದ್ದೆಗೆ ಎಷ್ಟು ಗಳಿಗೆ ಅಂತ ಐದು ಬಾಬ್ತು ಇತ್ತು. ಇನ್‌ಫ್ರಾರೆಡ್ ಚಿತ್ರದಲ್ಲಿ ಅಂಕಿಗಳು ಮುತ್ತಿನಂತೆ ಕಂಡವು. ಹುಣಸೆಮರದ ಗದ್ದೆಗೆ ೧೨. ತೋಪಿನ ಗದ್ದೆಗೆ ೧೫. ಗುಡಿ ಗದ್ದೆಗೆ ೮. ಶಾನುಭೋಗರ ಗದ್ದೆಗೆ ೨, ಅದರ ಪಕ್ಕ ಒಂದು ದುಂಡನೆಯ ಕಪ್ಪು ಗುರುತು. ಕೊನೆಯದಕ್ಕೆ ೨೩, ಅದರ ಹೆಸರಿನ ಮೇಲೆ ಹೊಗೆಯ ಕರಿ. ಒಟ್ಟು ಮೊತ್ತ ಬರೆದಿದ್ದ ತುದಿ ಮುರಿದುಹೋಗಿದೆ.

ಎರಡರ ಪಕ್ಕ ಸೊನ್ನೆ. ಇಪ್ಪತ್ತು. ಮನೆಯ ಮಾತು ನಿಜವಾಯಿತು ಅಂತ ಎಲ್ಲರಿಗೂ ಖುಷಿ. ದೊಡ್ಡಮ್ಮ ಕಾಫಿ ಮಾಡಿದರು.

ಮೇಷ್ಟ್ರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. "ಸೊನ್ನೆ ಅಂದರೆ ಬಳೆ ಕಣಪ್ಪ, ಬೊಟ್ಟಲ್ಲ. ಇದು ಬೊಟ್ಟಿನ ಹಾಗಿದೆ" ಅಂದರು. ಓರೆ ಬೆಳಕಿನಲ್ಲಿ ನೋಡಿದೆವು. ಕಂಠದಿಂದ ಕೊರೆದ ಸೊನ್ನೆಯಾದರೆ ಸುತ್ತ ಗೀರು, ನಡುವೆ ಗರಿಯ ನಡುಗಡ್ಡೆ ಉಳಿಯಬೇಕು. ಇಲ್ಲಿ ನಡುಗಡ್ಡೆ ಇರಲಿಲ್ಲ. ಆಮೇಲೆ ಗರಿಯ ಹಿಂದಿನಿಂದ ಬೆಳಕು ಬಿಟ್ಟೆವು. ಗರಿ ಜೇನಿನ ಬಣ್ಣದಲ್ಲಿ ಬೆಳಗಿತು. ಆ ಗುರುತಿನ ಒಂದು ಅಂಚಿನಲ್ಲಿ ಸೂಜಿಮೊನೆಯಷ್ಟು ಬಿಳಿ ಬೆಳಕು ಆಚೆ ಬಂತು. ತೂತು! ನಲವತ್ತೆಂಟನೇ ಗರಿ, ಐವತ್ತನೇ ಗರಿ ತೆಗೆದು ಮೇಲೆ ಕೆಳಗೆ ಇಟ್ಟು ನೋಡಿದರೆ ಅದೇ ಜಾಗದಲ್ಲಿ ಅಷ್ಟೇ ದಪ್ಪದ ತೂತು. ಹುಳ ಒಂದು ಗರಿ ತಿಂದು ನಿಲ್ಲುವುದಿಲ್ಲ, ಕಟ್ಟನ್ನೇ ಕೊರೆದುಕೊಂಡು ಹೋಗುತ್ತದೆ.

ಹಾಗಾದರೆ ಇನ್‌ಫ್ರಾರೆಡ್ ಚಿತ್ರದಲ್ಲಿ ಅದು ಮಸಿಯಂತೆ ಕಂಡಿದ್ದು ಯಾಕೆ? ಅದು ಮಸಿಯೇ ಆಗಿತ್ತು. ವರ್ಷ ವರ್ಷವೂ ಒರೆಸಿದ ಬಟ್ಟೆ ಅಕ್ಷರಗಳ ಮಸಿಯನ್ನು ಎಣ್ಣೆಯ ಜೊತೆ ಎಬ್ಬಿಸಿ, ದೂಳು ಕೂಡಿಸಿ, ಆ ತೂತಿಗೆ ತುಂಬಿತ್ತು. ಬೆಳಕಿಗೆ ಇಂಗಾಲ ಗೊತ್ತಾಗುತ್ತದೆ. ಅದನ್ನು ಅಲ್ಲಿಟ್ಟವನು ಬರೆದವನೋ ಒರೆಸಿದವನೋ ಅನ್ನುವುದು ಗೊತ್ತಾಗುವುದಿಲ್ಲ.

ಕೊನೆಗೆ ಲೆಕ್ಕ ಕೂಡಿಸಿದ್ದು ದೊಡ್ಡಪ್ಪನೇ. ಬೆರಳು ಮಡಿಸುತ್ತಾ ಹೇಳಿದರು. ಹನ್ನೆರಡು, ಹದಿನೈದು, ಎಂಟು ಸೇರಿ ಮೂವತ್ತೈದು. ಇಪ್ಪತ್ತಮೂರು ಸೇರಿದರೆ ಐವತ್ತೆಂಟು. ದಿನಕ್ಕೆ ಅರವತ್ತೇ ಗಳಿಗೆ. ಉಳಿಯುವುದು ಎರಡು. ಇಪ್ಪತ್ತು ಅಂದರೆ ಎಪ್ಪತ್ತೆಂಟಾಗುತ್ತದೆ, ಅಷ್ಟು ಗಳಿಗೆ ಯಾವ ದಿನದಲ್ಲೂ ಇಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಲವತ್ತೆಂಟು ನಿಮಿಷದ ನೀರು. ನಮ್ಮಪ್ಪ ಬದುಕಿದ್ದರೆ ಏನೆನ್ನುತ್ತಿದ್ದರೋ ಅಂತ ಯೋಚಿಸುತ್ತಾ ಕೂತೆ.

ಈಗ ಉಳಿದಿರುವುದು

ಅಂಟಿಕೊಂಡ ಮುದ್ದೆಯನ್ನು ಬಿಡಿಸಲಿಲ್ಲ. ಗೆಳತಿ ಒಂದು ಮೂಲೆಯನ್ನು ಹದವಾದ ತೇವದಲ್ಲಿಟ್ಟು ನೋಡಿದಳು, ಸಿಪ್ಪೆ ಏಳುವ ಸೂಚನೆ ಕಂಡು ನಿಲ್ಲಿಸಿದಳು. ಬಿಚ್ಚದೆ ಓದುವ ದಾರಿ ಜಗತ್ತಿನಲ್ಲಿ ತೆರೆದಿದೆ. ಇಸ್ರೇಲಿನ ಎನ್‌ಗೆಡಿಯಲ್ಲಿ ಸಿಕ್ಕ ಸುಟ್ಟ ಸುರುಳಿಯನ್ನು ಎಕ್ಸ್‌ರೇ ಸಿಟಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲೇ ಬಿಚ್ಚಿ ಓದಿದ್ದಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಸಿಕ್ಕಿ ಇದ್ದಿಲಾದ, ಇಟಲಿಯ ಹರ್ಕ್ಯುಲೇನಿಯಂ ಊರಿನ ಸುರುಳಿಯೊಳಗಿನ ಮೊದಲ ಪೂರ್ತಿ ಪದ 2023ರಲ್ಲಿ ಓದಲು ಸಿಕ್ಕಿತು. ಅದನ್ನು ಓದಿದ್ದು ಒಬ್ಬ ಕಾಲೇಜು ವಿದ್ಯಾರ್ಥಿ. ಅಲ್ಲಿ ಇದ್ದಿಲಿನ ಮೇಲೆ ಇಂಗಾಲದ ಮಸಿ, ಎಕ್ಸ್‌ರೇಗೆ ಎರಡೂ ಒಂದೇ, ಅದಕ್ಕೇ ಅಷ್ಟು ಕಷ್ಟವಾಯಿತು. ಓಲೆಯಲ್ಲಿ ಅಕ್ಷರವೆಂದರೆ ಹಳ್ಳ. ಹಳ್ಳ ಎಕ್ಸ್‌ರೇಗೆ ಕಾಣಬೇಕು. ಆದ್ದರಿಂದ ಮುದ್ದೆ ಹಾಗೆಯೇ ಇರಲಿ ಅಂತ ತೀರ್ಮಾನಿಸಿದ್ದೇವೆ. ಲ್ಯಾಮಿನೇಷನ್ ಆದ ಮೂರು ಗರಿಗಳನ್ನು ಪ್ಲಾಸ್ಟಿಕ್ಕಿನ ಮೂಲಕವೇ ಚಿತ್ರ ತೆಗೆದೆವು. ಬೆಳಕನ್ನು ಪಕ್ಕದಿಂದ ಕೊಟ್ಟು ಹೊಳಪು ತಪ್ಪಿಸಿದರೆ ಇನ್‌ಫ್ರಾರೆಡ್ ಒಳಗೆ ಹೋಗುತ್ತದೆ. ಸುಕ್ಕಾದ ಜಾಗ ಬಿಟ್ಟು ಉಳಿದದ್ದು ಓದಲು ಬಂತು.

ಕಟ್ಟು ಈಗ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಅಳತೆಗೆ ಮಾಡಿಸಿದ ರಟ್ಟಿನ ಪೆಟ್ಟಿಗೆಯಲ್ಲಿ, ಅದೇ ದೇವರ ಗೂಡಿನಲ್ಲಿದೆ. ಚಿತ್ರಗಳ ಮೂರು ಪ್ರತಿ ಮೂರು ಊರಿನಲ್ಲಿವೆ. ಈ ಸಲದ ಆಯುಧಪೂಜೆಗೆ ದೊಡ್ಡಪ್ಪ ಪೆಟ್ಟಿಗೆಗೆ ಕುಂಕುಮ ಇಟ್ಟರು, ಬಿಚ್ಚಲಿಲ್ಲ.

ನೀರಿನ ಪಟ್ಟಿಯನ್ನು ಅವರೇ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಾರೆ. ನಮ್ಮ ಗದ್ದೆಯ ಮುಂದೆ ಎರಡು ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆ. ಬರೆದು ಮುಗಿಸಿ ನನ್ನ ಕೇಳಿದರು. "ಆ ಇಪ್ಪತ್ತಮೂರು ಯಾರ್ದು ಕಣಪ್ಪ? ಅಷ್ಟು ನೀರು ಯಾವ ಗದ್ದೆಗೆ ಹೋಗ್ತಿತ್ತು?"

ಅಲ್ಲಿ ಒಲೆಯ ಕರಿ ಕೂತಿದೆ. ಅದೂ ಇಂಗಾಲ, ಇನ್‌ಫ್ರಾರೆಡ್‌ಗೆ ಅದೂ ಕಪ್ಪು, ಮಸಿಯೂ ಕಪ್ಪು. ಓರೆ ಬೆಳಕಿನಲ್ಲಿ ಮೊದಲ ಅಕ್ಷರ ಮಾತ್ರ ಹಿಡಿದಿದ್ದೇವೆ. ಅದು "ಕೆ" ಇರಬಹುದು, "ಕೇ" ಇರಬಹುದು, ಹಳೆಯ ಬರಹದಲ್ಲಿ ಎರಡಕ್ಕೂ ಒಂದೇ ರೂಪ. ಕೆಳಗಿನ ಗದ್ದೆ ಇರಬಹುದು ಅನ್ನುತ್ತಾರೆ ದೊಡ್ಡಪ್ಪ. ನೋಟ್‌ಬುಕ್ಕಿನಲ್ಲಿ ಅದನ್ನು ಊಹೆಯ ಬಣ್ಣದಲ್ಲಿ ಬರೆದಿದ್ದಾರೆ. ಮುಂದಿನ ತಿಂಗಳು ಗೆಳತಿ ಬಂದಾಗ, ಮೊದಲು ಅಕ್ಷರವಿಲ್ಲದ ಅಂಚಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ಆ ಹೆಸರಿನ ಮೇಲಿನ ಕರಿ ತೆಗೆಯುವುದೆಂದು ಮಾತಾಗಿದೆ.